ವಿದರ್ಬಿ ವಕೀಲರ ಕಪಾಟು

ಸೋಮವಾರದೊಳಗೆ ಬೀಗದ ಕೈ ಒಪ್ಪಿಸಬೇಕು.
ಬ್ಯಾಂಕು ಮುಳುಗಿದ ಮೇಲೆ ಕಟ್ಟಡ ಹರಾಜಿಗಿದೆ.
ಕೆಳಗೆ ಬೀಜದಂಗಡಿ, ಮೇಲೆ ನಾವು:
ಆರ್ಲೋ ವಿದರ್ಬಿ, ವಕೀಲರು;
ಇಪ್ಪತ್ತೇಳು ವರ್ಷ ಅವರ ಮಾತನ್ನೆಲ್ಲ
ಬೆರಳಿಗಿಳಿಸಿಕೊಂಡ ನಾನು.
ಮೂರು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ,
ಕೋರ್ಟಿಗೊಂದು, ಅವರ ಹೆಂಡತಿಗೊಂದು, ಒಲೆಗೊಂದು.

ಮೊದಲ ಕಡತ ಹಸುವಿನದು,
ನಾನು ಬರುವ ಮುಂಚಿನದು.
ವಿಧವೆ ಬೊಝೆನಾ ಹ್ರಬಿಕಳ ಮಚ್ಚೆ ಹಸು
ಹಳಿ ದಾಟುವಾಗ ಸತ್ತಿತು.
ಶಿಳ್ಳೆ ಹಾಕಿದ್ದೆವು, ಹಸುವೇ ಕಿವುಡು,
ಎಂದಿತಂತೆ ರೈಲು ಕಂಪನಿ.
ಕಾಲರಿನ ಗುಂಡಿಯೂ ನೆಟ್ಟಗಿರದ ಈ ಹುಡುಗ ಎದ್ದು
"ಹೆಸರು ಕೂಗಿದರೆ ಸಾಕು, ಸ್ವಾಮಿ,
ಎರಡು ಹೊಲದಾಚೆಯಿಂದ ಓಡಿ ಬರುತ್ತಿತ್ತು" ಅಂದರಂತೆ.
"ಏನು ಹೆಸರು?"
"ಸ್ತ್ರಾಕಾ."
ನ್ಯಾಯಾಧೀಶರ ನಾಲಿಗೆ ತೊಡರಿತು, ಜ್ಯೂರಿ ನಕ್ಕಿತು,
ನಲವತ್ತು ಡಾಲರು ಸಿಕ್ಕಿತು.
ವಕೀಲರ ಫೀಸು: ಗಸಗಸೆ ತುಂಬಿದ ಹನ್ನೆರಡು ಬನ್ನು.
ರಸೀದಿ ಇದೆ. ಕೋರ್ಟಿನ ಪೆಟ್ಟಿಗೆಗೆ.

ಮರುವರ್ಷ ಅದೇ ಕಂಪನಿ ಅವರನ್ನು ಕೊಂಡಿತು.
'ಕೊಂಡಿತು' ಎಂದು ನಾನೆಲ್ಲೂ ಟೈಪು ಮಾಡಿಲ್ಲ,
'ನೇಮಿಸಿತು' ಎಂದೇ ಮಾಡಿದ್ದೇನೆ.
ಬಿಟ್ಟಿ ರೈಲು ಪಾಸು, ಬೂದುಬಣ್ಣದ ಟೋಪಿ,
ರಾಜಧಾನಿಯಲ್ಲೊಂದು ಕುರ್ಚಿ.
ಚುನಾವಣೆಯ ಸಂಜೆಗಳಲ್ಲಿ ಬಂದು
ಕೈ ತೊಳೆಯುತ್ತಿದ್ದರು ಬಹಳ ಹೊತ್ತು,
ಮುನ್ನೂರು ಅಂಗೈಗಳ ಬೆವರು,
ಜೋಳದ ದೂಳು, ಕುದುರೆಯ ವಾಸನೆ.
ಕೆಟ್ಟವರಲ್ಲ. ಯಾರ ಹೆಸರನ್ನೂ ಮರೆಯುತ್ತಿರಲಿಲ್ಲ,
ಸತ್ತ ಮಗುವಿನ ಹೆಸರನ್ನೂ ಕೂಡ.

ಆಮೇಲೆ ಯುದ್ಧ. ಗಾಳಿ ತಿರುಗಿತು.
ನೆರೆಯವರ ನುಡಿಯೊಳಗೆ
ಜನಕ್ಕೆ ಬಂದೂಕು ಕೇಳಿಸತೊಡಗಿತು.
ಯುದ್ಧ ಮುಗಿದ ಮೇಲೂ ಕೇಳಿಸುತ್ತಲೇ ಇತ್ತು.
ಕಿಟಕಿಯತ್ತ ಮುಖ ಮಾಡಿ ಅವರು ಹೇಳಿ ಬರೆಸಿದರು:
'ಯಾವ ಮಗುವಿಗೂ ಶಾಲೆಯಲ್ಲಿ
ಇಂಗ್ಲಿಷಲ್ಲದ ನುಡಿಯನ್ನು ಕಲಿಸತಕ್ಕದ್ದಲ್ಲ.'
ಮೂರು ಕಾರ್ಬನ್ನು, ಒಂದೂ ತಪ್ಪಿಲ್ಲ.
ನನ್ನಜ್ಜಿ ಸಾಯುವ ತನಕ
ಡೇನಿಶಿನಲ್ಲೇ ಮೊಟ್ಟೆ ಎಣಿಸುತ್ತಿದ್ದಳು.
ನಾನು ಹಾಳೆ ಎಳೆದು, ಅಂಚು ಸರಿಮಾಡಿ, ಕೊಟ್ಟೆ.

ಎರಡು ಚಳಿಗಾಲದ ನಂತರ
ಮೆಟ್ಟಿಲೇರಿ ಬಂದಳು ಬೊಝೆನಾ.
ಮಗ ಇಗ್ನಾಟ್ಸ್, ಮೇಷ್ಟ್ರು,
ಹನ್ನೊಂದು ಮಕ್ಕಳಿಗೆ ಝೆಕ್ ನುಡಿಯಲ್ಲಿ
ಹಕ್ಕಿಗಳ ಹೆಸರು ಕಲಿಸಿ ಸಿಕ್ಕಿಬಿದ್ದಿದ್ದ.
ಬನ್ನಿನ ಡಬ್ಬಿ ಮೇಜಿನ ಮೇಲಿಟ್ಟು
ಯಾವ ನುಡಿಯಲ್ಲೂ ಏನೂ ಹೇಳದೆ ಕೂತಳು.
ವಿದರ್ಬಿಯವರು ಡಬ್ಬಿಯನ್ನು ನೋಡಿದರು,
ನನ್ನನ್ನು ನೋಡಿದರು,
ಟೋಪಿ ಹುಡುಕಿದರು, ಅದು ತಲೆಯ ಮೇಲೇ ಇತ್ತು.

ತಾವೇ ಹೆಣೆದ ಬಲೆಯ ಎದುರು
ತಾವೇ ನಿಂತು ವಾದಿಸಿದರು ಎರಡು ದಿನ.
ಸರ್ಕಾರಿ ವಕೀಲ ಬೇರೇನೂ ಮಾಡಲಿಲ್ಲ,
ಇವರದೇ ಹಳೆಯ ಭಾಷಣವನ್ನು ಓದಿದ.
ನಾನು ಬೆರಳಚ್ಚಿಸಿದ್ದು. ಚೆನ್ನಾಗಿತ್ತು ಭಾಷಣ.
ದಂಡ ಹತ್ತು ಡಾಲರು.
ಇವರು ಜೇಬಿಗೆ ಕೈ ಹಾಕಿದರು, ಇಗ್ನಾಟ್ಸ್ ಬಿಡಲಿಲ್ಲ.
ಗುಮಾಸ್ತನ ಮೇಜಿನ ಮೇಲೆ ಬೆಳ್ಳಿ ನಾಣ್ಯ ಇಟ್ಟ,
ಒಂದೊಂದಾಗಿ, ಎಣಿಸುತ್ತಾ,
ಗಟ್ಟಿಯಾಗಿ, ತನ್ನ ನುಡಿಯಲ್ಲಿ.
ಯಾರೂ ತಡೆಯಲಿಲ್ಲ.
ಎಣಿಸುವುದು ಕಲಿಸುವುದಲ್ಲವಲ್ಲ.

ಮುಂದಿನ ಚುನಾವಣೆಯಲ್ಲಿ ಇತ್ತ ದೇಶದ್ರೋಹಿ,
ಅತ್ತ ವಿಶ್ವಾಸಘಾತಕ.
ಕ್ಯಾಲ್ಡರ್ ಫೋರ್ಕಿನಲ್ಲೇ ಸೋತರು.
ಉಳಿದದ್ದು ಬೇಲಿ, ಬಾವಿ, ಉಯಿಲು,
ಹಂದಿ ನುಗ್ಗಿದ ತೋಟ; ಹದಿಮೂರು ವರ್ಷ.
ಕಳೆದ ಫೆಬ್ರವರಿ, ಕ್ಷೌರದಂಗಡಿಯಲ್ಲಿ,
ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡೇ ಹೋದರು.
ಉಳಿದರ್ಧವನ್ನು ನಾಪಿತ ಬಿಡದೆ ಮುಗಿಸಿದನಂತೆ.

ಪಾಸು ಒಲೆಗೆ. ಟೋಪಿ ಹೆಂಡತಿಗೆ.
ತಳದ ಸೆಳೆಖಾನೆಯಲ್ಲಿ ಆ ಮಸೂದೆಯ
ಮೂರನೇ ಕಾರ್ಬನ್ ಪ್ರತಿ, ಮಸುಕು ನೀಲಿ.
'ತಕ್ಕದ್ದಲ್ಲ'ದ ಕೆಳಗೆ ಪೆನ್ಸಿಲ್ ಗೆರೆ,
ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.
ಯಾವಾಗ ಎಳೆದರು? ಮುಂಚೆಯೋ, ಆಮೇಲೋ?
ಹಿಡಿದುಕೊಂಡೇ ನಿಂತಿದ್ದೇನೆ, ಮೂರು ಪೆಟ್ಟಿಗೆಯ ನಡುವೆ.
ಹಾಳೆಯ ಎಡಮೂಲೆಯಲ್ಲಿ, ಕಚೇರಿಯ ರೂಢಿಯಂತೆ,
ಹೇಳಿದವರ ಮೊದಲಕ್ಷರ, ಒಂದು ಓರೆಗೆರೆ,
ಪಕ್ಕದಲ್ಲಿ, ಚಿಕ್ಕದಾಗಿ, ನನ್ನವು.